ಕೈತೋಟದ ಸಣ್ಣ ನೊಣಗಳ ಹಿಂಡು: ಗುರುತು ಹಿಡಿದು, ಹುಟ್ಟುವ ಜಾಗ ಹುಡುಕಿ, ತಡೆಯುವ ಸಮಗ್ರ ಮಾರ್ಗದರ್ಶಿ

ಕುಂಡಕ್ಕೆ ನೀರು ಹಾಕಲು ಬಗ್ಗಿದ ಕೂಡಲೇ ಮುಖಕ್ಕೆ ಮುತ್ತುವ ಕಪ್ಪು ಗುಂಗುರು, ಬದನೆ ಗಿಡದ ಎಲೆ ಅಲುಗಿದರೆ ಬಿಳಿ ಪುಡಿ ಎರಚಿದಂತೆ ಮೇಲೇಳುವ ನುಸಿ, ಕಾಂಪೋಸ್ಟ್ ಡಬ್ಬದ ಮುಚ್ಚಳ ತೆಗೆದರೆ ಹೊರಬೀಳುವ ಕಂದು ನೊಣ, ಸಂಜೆಯ ಹೊತ್ತು ತಲೆಯ ಮೇಲೆ ಕಂಬದ ಹಾಗೆ ಸುತ್ತುವ ಹಿಂಡು. ನಾಲ್ಕಕ್ಕೂ ‘ಸಣ್ಣ ನೊಣ’ ಎಂಬ ಒಂದೇ ಹೆಸರು. ಆದರೆ ಇವು ನಾಲ್ಕು ಬೇರೆ ಬೇರೆ ಕೀಟಗಳು. ಒಂದು ಒದ್ದೆ ಮಣ್ಣಿನಲ್ಲಿ ಹುಟ್ಟುತ್ತದೆ, ಒಂದು ಎಲೆಯ ಅಡಿಯಲ್ಲಿ, ಒಂದು ಕೊಳೆತ ಹಣ್ಣಿನಲ್ಲಿ, ಇನ್ನೊಂದು ನಿಂತ ನೀರಿನ ತಳದ ಕೆಸರಿನಲ್ಲಿ. ಒಂದಕ್ಕೆ ಹೊಂದುವ ಉಪಾಯ ಮತ್ತೊಂದಕ್ಕೆ ಹೊಂದುವುದಿಲ್ಲ.

ಹೆಚ್ಚಿನವರು ಸೋಲುವುದು ಹಾರುವ ನೊಣದ ಬೆನ್ನು ಹತ್ತಿ. ಕಣ್ಣಿಗೆ ಕಾಣುವ ನೊಣ ಬದುಕುವುದೇ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಮೊಟ್ಟೆ, ಮರಿಹುಳು ಮತ್ತು ಕೋಶಗಳು (ಮರಿಹುಳು ನೊಣವಾಗುವ ಮುನ್ನ ಅಲುಗದೆ ಇರುವ ಹಂತ) ಮಣ್ಣಿನಲ್ಲೋ ಎಲೆಯ ಅಡಿಯಲ್ಲೋ ಸರದಿ ಕಾಯುತ್ತಿರುತ್ತವೆ. ಇವತ್ತು ಔಷಧಿ ಹೊಡೆದು ಎಲ್ಲವನ್ನೂ ಉರುಳಿಸಿದರೂ ನಾಳೆ ಬೆಳಿಗ್ಗೆ ಹೊಸ ತಂಡ ಎದ್ದು ಬರುತ್ತದೆ. ಆದ್ದರಿಂದ ಈ ಬರಹದಲ್ಲಿ ಬರುವ ಪ್ರತಿ ಹೆಜ್ಜೆಯೂ ಹುಟ್ಟುವ ಜಾಗವನ್ನು ಹುಡುಕಿ ಅಲ್ಲೇ ಸರಪಳಿ ಕಡಿಯುವುದಕ್ಕಾಗಿ.

ಹೆಜ್ಜೆ 1: ಎಲ್ಲಿಂದ ಏಳುತ್ತದೆ ನೋಡಿ

ಬೆಳಿಗ್ಗೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಮಸೂರವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೂ ಸಾಕು. ಮೊದಲು ಕುಂಡದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಕೆದಕಿ, ಆಮೇಲೆ ಎಲೆಗಳನ್ನು ಅಲುಗಿಸಿ, ಕೊನೆಗೆ ಗೊಬ್ಬರದ ರಾಶಿ ಮತ್ತು ಬಿದ್ದ ಹಣ್ಣುಗಳ ಕಡೆ ಹೋಗಿ.

ಮಣ್ಣು ಕೆದಕಿದಾಗ ಎದ್ದು, ನೇರ ಹಾರದೆ ತೂರಾಡಿಕೊಂಡು ಮತ್ತೆ ಮಣ್ಣಿನ ಮೇಲೆಯೇ ಓಡಾಡುವುದು ಮಣ್ಣಿನ ಗುಂಗುರು, ತೋಟಗಾರರ ಬಾಯಲ್ಲಿ ಫಂಗಸ್ ನ್ಯಾಟ್. 2ರಿಂದ 4 ಮಿ.ಮೀ. ಉದ್ದ, ಬೂದುಗಪ್ಪು ಮೈ, ಉದ್ದ ಕಾಲು, ಉದ್ದ ಮೀಸೆ. ನೋಡಲು ಪುಟ್ಟ ಸೊಳ್ಳೆಯ ಹಾಗೆ, ಆದರೆ ಕಚ್ಚುವುದಿಲ್ಲ. ಮಸೂರದಲ್ಲಿ ನೋಡಿದರೆ ರೆಕ್ಕೆಯ ತುದಿಯ ಕಡೆ ಕವಣೆಯ ಕೋಲಿನಂತೆ ಕವಲೊಡೆದ ನರ ಕಾಣುತ್ತದೆ.

ಅದೇ ಮಣ್ಣಿನಿಂದ, ಅದರಲ್ಲೂ ಹಸಿರು ಪಾಚಿ ಕಟ್ಟಿದ ಕಡೆಯಿಂದ ಎದ್ದರೂ ಮೈ ಗಟ್ಟಿಮುಟ್ಟಾಗಿ ಮನೆ ನೊಣದ ಚಿಕ್ಕ ಪ್ರತಿಯಂತಿದ್ದು, ಕಪ್ಪು ರೆಕ್ಕೆಯ ಮೇಲೆ ಐದಾರು ಮಸುಕು ಚುಕ್ಕೆಗಳಿದ್ದರೆ ಅದು ಪಾಚಿ ನೊಣ. ಇದರ ಮರಿ ಪಾಚಿ ತಿನ್ನುತ್ತದೆ, ಬೇರಿನ ಗೊಡವೆಗೆ ಹೋಗುವುದಿಲ್ಲ. ಪಾಚಿ ಕೆರೆದು ತೆಗೆದು ನೀರು ಕಡಿಮೆ ಮಾಡಿದರೆ ಕೆಲಸ ಮುಗಿಯಿತು.

ಎಲೆ ಅಲುಗಿಸಿದಾಗ ಬಿಳಿ ಮೋಡದಂತೆ ಎದ್ದು ಕೆಲವೇ ಕ್ಷಣಗಳಲ್ಲಿ ಎಲೆಯ ಅಡಿಗೆ ವಾಪಸಾಗುವುದು ಬಿಳಿ ನೊಣ. ಹೆಸರಿನಲ್ಲಿ ನೊಣ ಇದ್ದರೂ ಇದು ನೊಣದ ಜಾತಿಯದಲ್ಲ. ಗಿಡಹೇನು, ಹಿಟ್ಟು ತಿಗಣೆಗಳ ನೆಂಟ. ಇದರ ಮೊಟ್ಟೆ, ಮರಿ ಎಲ್ಲವೂ ಎಲೆಯ ಅಡಿಯಲ್ಲೇ ಇರುವುದರಿಂದ ಗುಂಗುರಿಗೆಂದು ಮಣ್ಣಿಗೆ ಸುರಿಯುವ ಮದ್ದು ಇದಕ್ಕೆ ತಟ್ಟುವುದಿಲ್ಲ.

ಕೆಂಪು ಕಣ್ಣು, ಕಂದು ಹಳದಿ ಮೈ, ಸುಮಾರು 3 ಮಿ.ಮೀ. ಉದ್ದ, ಹುಳಿ ವಾಸನೆ ಬರುವ ಕಡೆ ತೇಲಾಡುತ್ತಿದ್ದರೆ ಅದು ಡ್ರೊಸೊಫಿಲಾ ಜಾತಿಯ ಹುಳಿ ನೊಣ. ಬೆಳೆಯುತ್ತಿರುವ ಕಾಯಿಯನ್ನೇ ಚುಚ್ಚಿ ಮೊಟ್ಟೆ ಇಡುವ ದೊಡ್ಡ ಹಣ್ಣು ನೊಣ ಬೇರೆ. ಅದು 6ರಿಂದ 8 ಮಿ.ಮೀ. ಇದ್ದು ಕಣಜದಂತೆ ಕಾಣುತ್ತದೆ. ಎರಡನ್ನೂ ಒಂದೇ ಎಂದು ತಿಳಿದರೆ ಮುಂದಿನ ಕೆಲಸವೆಲ್ಲ ತಪ್ಪುತ್ತದೆ.

ಇನ್ನು ಗಿಡಕ್ಕೂ ಮಣ್ಣಿಗೂ ಸಂಬಂಧವಿಲ್ಲದೆ ಗಾಳಿಯಲ್ಲೇ ಒಂದು ಕಡೆ ಹಿಂಡುಗಟ್ಟಿ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಅವು ನೀರಿನಲ್ಲಿ ಹುಟ್ಟುವ ಮಿಡ್ಜ್‌ಗಳು. ನೀರು ಹೊರಹೋಗುವ ಕೊಳವೆಯ ಬಳಿ, ಗೋಡೆಗೆ ಅಂಟಿಕೊಂಡು, ಪುಟ್ಟ ಪತಂಗದಂತೆ ರೋಮ ತುಂಬಿದ ರೆಕ್ಕೆ ಅಗಲಿಸಿ ಕುಳಿತಿದ್ದರೆ ಅದು ಚರಂಡಿ ನೊಣ.

ಹೆಜ್ಜೆ 2: ಅನುಮಾನ ಬಗೆಹರಿಸುವ ಎರಡು ಪರೀಕ್ಷೆ

ಹಳದಿ ಅಂಟು ಕಾರ್ಡ್: ಗಟ್ಟಿ ಹಳದಿ ಪ್ಲಾಸ್ಟಿಕ್ ಹಾಳೆಯನ್ನು 10×15 ಸೆಂ.ಮೀ. ತುಂಡು ಮಾಡಿ ಎರಡೂ ಬದಿಗೆ ಪೆಟ್ರೋಲಿಯಂ ಜೆಲ್ಲಿ ಅಥವಾ ಹರಳೆಣ್ಣೆಯನ್ನು ತೆಳ್ಳಗೆ ಸವರಿ. ಬಣ್ಣ ನಿಂಬೆ ಹಳದಿಯಾಗಿರಬೇಕು. ಕಿತ್ತಳೆಗೆ ತಿರುಗಿದ ಹಳದಿ ಅಷ್ಟು ಸೆಳೆಯದು. ಮಣ್ಣಿನ ಗುಂಗುರಿಗಾದರೆ ಕಾರ್ಡನ್ನು ಮಣ್ಣಿನಿಂದ 2–3 ಸೆಂ.ಮೀ. ಎತ್ತರದಲ್ಲಿ ಅಡ್ಡಲಾಗಿ ಮಲಗಿಸಿ. ಬಿಳಿ ನೊಣಕ್ಕಾದರೆ ಗಿಡದ ತುದಿಗಿಂತ ಸ್ವಲ್ಪ ಮೇಲೆ ನೇರವಾಗಿ ತೂಗುಹಾಕಿ. ಒಂದೊಂದು ಕುಂಡಕ್ಕೆ ಒಂದೊಂದು ಕಾರ್ಡ್ ಇಟ್ಟು ಮೂರು ದಿನ ಬಿಟ್ಟು ಎಣಿಸಿದರೆ ಮೂಲ ಯಾವ ಕುಂಡ ಎಂಬುದು ತಾನಾಗಿ ತಿಳಿಯುತ್ತದೆ. ಇಪ್ಪತ್ತು ಕುಂಡಗಳಲ್ಲಿ ಎರಡು ಮೂರೇ ಇಡೀ ಹಿಂಡನ್ನು ಸಾಕುತ್ತಿರುವುದು ಸಾಮಾನ್ಯ. ಎಣಿಕೆಯನ್ನು ತಾರೀಖಿನೊಂದಿಗೆ ಬರೆದಿಡಿ. ಮುಂದೆ ಉಪಾಯ ಫಲಿಸುತ್ತಿದೆಯೋ ಇಲ್ಲವೋ ಎಂದು ಹೇಳುವುದು ಈ ಅಂಕಿಯೊಂದೇ.

ಆಲೂಗಡ್ಡೆ ಪರೀಕ್ಷೆ: ಹಸಿ ಆಲೂಗಡ್ಡೆಯನ್ನು 2–3 ಸೆಂ.ಮೀ. ತುಂಡು ಮಾಡಿ, ಕತ್ತರಿಸಿದ ಮುಖ ಕೆಳಗಾಗಿ ಮಣ್ಣಿಗೆ ಒಂದು ಸೆಂ.ಮೀ. ಒತ್ತಿ ಇಡಿ. ಎರಡು ಮೂರು ದಿನ ಬಿಟ್ಟು ತೆಗೆದು ಅಡಿಯನ್ನೂ ಅದರ ಕೆಳಗಿನ ಮಣ್ಣನ್ನೂ ನೋಡಿ. ಗಾಜಿನಂತೆ ಬೆಳ್ಳಗಿನ ಮೈ, ಹೊಳೆಯುವ ಕಪ್ಪು ತಲೆ ಇರುವ 5 ಮಿ.ಮೀ. ಆಸುಪಾಸಿನ ಹುಳು ಸಿಕ್ಕರೆ ಮಣ್ಣಿನ ಗುಂಗುರು ಖಚಿತ. ಕಪ್ಪು ತಲೆಯೇ ಗುರುತು. ತಲೆ ಎದ್ದು ಕಾಣದ ಮರಿಯಾದರೆ ಬೇರೆ ನೊಣದ್ದು.

ಮಣ್ಣಿನ ಗುಂಗುರು: ಮೂರು ವಾರದ ಕೆಲಸ

ಇದಕ್ಕೆ ಬೇಕಾದ್ದು ಮೂರು: ಸದಾ ಒದ್ದೆಯಾಗಿರುವ ಮೇಲ್ಮಣ್ಣು, ಅದರಲ್ಲಿ ಕೊಳೆಯುತ್ತಿರುವ ಸಾವಯವ ವಸ್ತು, ಅದರ ಮೇಲೆ ಬೆಳೆಯುವ ಬೂಷ್ಟು. ಅರೆಬೆಂದ ಗೊಬ್ಬರ ಬೆರೆಸಿ, ತೆಂಗಿನ ನಾರಿನ ಪುಡಿ ತುಂಬಿ, ದಿನಕ್ಕೆರಡು ಸಲ ನೀರು ಹಾಕಿದರೆ ಮೂರೂ ಒಂದೇ ಕಡೆ ಸಿಕ್ಕಂತಾಯಿತು. ಹೆಣ್ಣು ತನ್ನ ಒಂದು ವಾರದ ಚಿಲ್ಲರೆ ಬದುಕಿನಲ್ಲಿ 100ರಿಂದ 200 ಮೊಟ್ಟೆ ಇಡುತ್ತದೆ. 24 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಮೊಟ್ಟೆ ಒಡೆಯಲು 3–6 ದಿನ, ಮರಿಹುಳು ಬೆಳೆಯಲು ಸುಮಾರು ಎರಡು ವಾರ, ಕೋಶದಲ್ಲಿ 4–6 ದಿನ. ಒಟ್ಟು ಮೂರರಿಂದ ನಾಲ್ಕು ವಾರಕ್ಕೆ ಒಂದು ತಲೆಮಾರು. ಮರಿಗಳಲ್ಲಿ ಹೆಚ್ಚಿನವು ಮೇಲಿನ 5–7 ಸೆಂ.ಮೀ. ಮಣ್ಣಿನಲ್ಲೇ ಇರುತ್ತವೆ. ಈ ಎರಡು ಸಂಗತಿ, ಮೂರು ವಾರ ಮತ್ತು ಮೇಲ್ಮಣ್ಣು, ನೆನಪಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹಾನಿಯ ಬಗ್ಗೆ ನೇರವಾಗಿ ಹೇಳಬೇಕು. ಬೇರು ಬಲಿತ ಗಿಡಕ್ಕೆ ಇದರಿಂದ ಕಿರಿಕಿರಿಯೇ ಹೊರತು ದೊಡ್ಡ ಅಪಾಯವಿಲ್ಲ. ಅಪಾಯ ಇರುವುದು ಎಳೆ ಸಸಿಗಳಿಗೆ ಮತ್ತು ಬೇರು ಬಿಡಲು ನೆಟ್ಟ ಕಡ್ಡಿಗಳಿಗೆ. ಬೂಷ್ಟು ಸಾಲದಾದಾಗ ಮರಿಹುಳು ಬೇರಿನ ಕೂದಲನ್ನೂ ಎಳೆಯ ಕಾಂಡದ ಬುಡವನ್ನೂ ಕೆರೆಯುತ್ತದೆ. ಆ ಗಾಯದಿಂದ ಪಿಥಿಯಂನಂತಹ ಕೊಳೆರೋಗ ಒಳಹೊಕ್ಕು, ನಿನ್ನೆ ನೆಟ್ಟಗಿದ್ದ ಸಸಿ ಇವತ್ತು ಬುಡ ಮುರಿದು ಬೀಳುತ್ತದೆ. ಆದ್ದರಿಂದ ಔಷಧಿ, ಹಣ, ಸಮಯ ಯಾವುದು ಕಡಿಮೆಯಿದ್ದರೂ ಮೊದಲ ಪಾಲು ಸಸಿಮಡಿಗೆ ಸಲ್ಲಲಿ.

ಮೊದಲನೆಯ ದಿನ: ಮೇಲಿನ 2–3 ಸೆಂ.ಮೀ. ಮಣ್ಣನ್ನು ಕೆರೆದು ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಬಿಸಿಲಿಗೆ ತೆಳ್ಳಗೆ ಹರಡಿ ಒಂದು ವಾರ ಬಿಡಿ. ಕುಂಡದಲ್ಲಿ ಬಿದ್ದ ಎಲೆ, ಕೊಳೆತ ಹೂ, ಕೆಳಗಿನ ತಟ್ಟೆಯ ನೀರು, ತಟ್ಟೆಯ ಪಾಚಿ ಎಲ್ಲವನ್ನೂ ತೆಗೆಯಿರಿ. ಕುಂಡವನ್ನು ಎತ್ತಿ ಅಡಿಯನ್ನು ನೋಡುವುದನ್ನು ಮರೆಯಬೇಡಿ. ನೀರು ಬಸಿಯುವ ತೂತಿನ ಸುತ್ತ ಸೇರಿಕೊಂಡ ಕೆಸರಿನಲ್ಲೂ ಮರಿಗಳಿರುತ್ತವೆ, ಆ ತೂತಿನಿಂದಲೇ ನೊಣ ಒಳಗೆ ಹೋಗಿ ಮೊಟ್ಟೆ ಇಡುತ್ತದೆ. ತೂತಿಗೆ ಒಳಗಿನಿಂದ ಒಂದು ತುಂಡು ನೈಲಾನ್ ಬಲೆ ಹಾಕಿದರೆ ನೀರು ಹೋಗುತ್ತದೆ, ನೊಣ ಬರುವುದಿಲ್ಲ.

ನೀರಿನ ಕ್ರಮ ಬದಲಿಸುವುದು: ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಅಲ್ಲಿಯವರೆಗೂ ಒಣಗಿದ್ದರೆ ಮಾತ್ರ ನೀರು. ಮೇಲಿನ 3–5 ಸೆಂ.ಮೀ. ಒಣಗಿದರೆ ಮೊಟ್ಟೆಗಳೂ ಎಳೆಯ ಮರಿಗಳೂ ಬಾಡಿ ಸಾಯುತ್ತವೆ, ಹೊಸ ಮೊಟ್ಟೆ ಇಡಲು ನೊಣಕ್ಕೆ ಜಾಗ ಹಿಡಿಸುವುದಿಲ್ಲ. ಬೇಕಿದ್ದರೆ ಕೆಳಗಿನಿಂದ ನೀರು ಕೊಡಿ: ಕುಂಡವನ್ನು ನೀರಿನ ತಟ್ಟೆಯಲ್ಲಿ 20–30 ನಿಮಿಷ ಇಟ್ಟು, ಆಮೇಲೆ ಎತ್ತಿ ಪೂರ್ತಿ ಬಸಿಯಲು ಬಿಡಿ. ತಟ್ಟೆಯಲ್ಲೇ ಮರೆತುಬಿಟ್ಟರೆ ನೀರು ಮೇಲ್ಮಣ್ಣಿನವರೆಗೆ ಏರಿ ಮಾಡಿದ್ದೆಲ್ಲ ನೀರುಪಾಲಾಗುತ್ತದೆ. ಇದೊಂದೇ ಬದಲಾವಣೆ ಬಲಿತ ಗಿಡಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಸುತ್ತದೆ. ಸಸಿಗಳನ್ನು ಮಾತ್ರ ಹೀಗೆ ಒಣಗಿಸುವಂತಿಲ್ಲ. ನೊಣಕ್ಕಿಂತ ಮೊದಲು ಸಸಿಯೇ ಸಾಯುತ್ತದೆ. ಅವುಗಳಿಗೆ ಮುಂದಿನ ಹೆಜ್ಜೆ ಬೇಕೇ ಬೇಕು.

ಬಿಟಿಐ: ಪೂರ್ತಿ ಹೆಸರು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್. ಇದೊಂದು ಬ್ಯಾಕ್ಟೀರಿಯಾ. ಮರಿಹುಳು ಇದನ್ನು ತಿಂದಾಗ ಹೊಟ್ಟೆಯೊಳಗೆ ಇದರ ಪ್ರೋಟೀನ್ ಹರಳು ಕರಗಿ ಕರುಳನ್ನು ಹಾಳುಮಾಡುತ್ತದೆ. ಸೊಳ್ಳೆ, ಗುಂಗುರು, ಅವುಗಳ ಹತ್ತಿರದ ಬಳಗಕ್ಕಷ್ಟೇ ತಟ್ಟುತ್ತದೆ. ಜೇನ್ನೊಣ, ಎರೆಹುಳು, ಮೀನುಗಳಿಗೆ ತೊಂದರೆಯಿಲ್ಲ. ಕೊಳ್ಳುವಾಗ ಹೆಸರಿನ ಕೊನೆಯ ಪದವನ್ನು ಕಣ್ಣಿಟ್ಟು ಓದಿ. ‘ಕುರ್ಸ್ಟಾಕಿ’ ಎಂದಿದ್ದರೆ ಅದು ಎಲೆ ತಿನ್ನುವ ಕಂಬಳಿಹುಳುಗಳಿಗೆ. ಗುಂಗುರಿಗೆ ಅದನ್ನು ಎಷ್ಟು ಸುರಿದರೂ ಪ್ರಯೋಜನವಿಲ್ಲ. ‘ಬಿಟಿ ಹಾಕಿದೆ, ಏನೂ ಆಗಲಿಲ್ಲ’ ಎನ್ನುವ ಎಷ್ಟೋ ದೂರುಗಳ ಮೂಲ ಇಲ್ಲಿದೆ.

ಪುಡಿ, ದ್ರವ, ಬಿಲ್ಲೆ ಹೀಗೆ ಹಲವು ರೂಪಗಳಿದ್ದು ಶಕ್ತಿ ಬೇರೆ ಬೇರೆ ಇರುವುದರಿಂದ ಪ್ರಮಾಣಕ್ಕೆ ಪೊಟ್ಟಣದ ಮೇಲಿನ ಅಳತೆಯನ್ನೇ ಅನುಸರಿಸಿ. ಬಿಲ್ಲೆಯಾದರೆ ಪುಡಿಮಾಡಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಲಕಿ ಸೋಸಿಕೊಳ್ಳಿ. ಕುಂಡಕ್ಕೆ ನೀರು ಹಾಕುವ ಹೊತ್ತು ಬಂದಾಗ ಬರೀ ನೀರಿನ ಬದಲು ಇದನ್ನೇ ಹಾಕಿ, ಮೇಲಿನ 5 ಸೆಂ.ಮೀ. ಪೂರ್ತಿ ನೆನೆಯುವಷ್ಟು. ಮಣ್ಣಿನಲ್ಲಿ ಇದರ ಶಕ್ತಿ ಕೆಲವೇ ದಿನ ಉಳಿಯುತ್ತದೆ. ಮೊಟ್ಟೆಗೂ ಕೋಶಕ್ಕೂ ತಟ್ಟುವುದಿಲ್ಲ. ಅದಕ್ಕೇ ಮೊದಲ ದಿನ, 7ನೇ ದಿನ, 14ನೇ ದಿನ, 21ನೇ ದಿನ ಎಂದು ನಾಲ್ಕು ಸಲ ಹಾಕಬೇಕು. ಮೊದಲ ಸಲ ಹಾಕಿ ಹತ್ತು ದಿನವಾದರೂ ನೊಣ ಹಾರುತ್ತಿದ್ದರೆ ಗಾಬರಿಯಾಗಬೇಡಿ. ಅವು ಆಗಲೇ ಕೋಶದಲ್ಲಿದ್ದವು. ಎರಡನೆಯ ಸಲಕ್ಕೇ ಕೈಚೆಲ್ಲುವವರು ಬಹಳ ಮಂದಿ, ಕಾರ್ಡಿನ ಎಣಿಕೆ ಇಳಿಯತೊಡಗುವುದು ಆಮೇಲೆ.

ಬಿಟಿಐಗೆ ಬದಲಾಗಿ ಸ್ಟೈನರ್ನೆಮಾ ಫೆಲ್ಟಿಯೆ ಎಂಬ ಸೂಕ್ಷ್ಮ ನೆಮಟೋಡ್ (ದಾರದಂಥ ದುಂಡುಹುಳು) ಸಿಕ್ಕರೆ ಅದೂ ಉತ್ತಮ. ಇದು ಮರಿಹುಳುವಿನ ಮೈಯೊಳಗೆ ಹೊಕ್ಕು ಕೊಲ್ಲುತ್ತದೆ. ಚದರ ಮೀಟರಿಗೆ ಸುಮಾರು 5 ಲಕ್ಷ ಬೇಕು. ಇವು ಜೀವಂತ ಪ್ರಾಣಿಗಳು ಎಂಬುದನ್ನು ಮರೆತರೆ ಹಣ ದಂಡ: ಬಿಸಿಲಿನಲ್ಲಿ ಹಾಕಬಾರದು, ಕಲಸಿದ ಎರಡು ಮೂರು ಗಂಟೆಯೊಳಗೆ ಮುಗಿಸಬೇಕು, ಸಿಂಪಡಿಕೆಯ ಮೂತಿಯ ಸಣ್ಣ ಜರಡಿ ತೆಗೆದಿರಬೇಕು, ಮಣ್ಣು ಮೊದಲೇ ನೆನೆದಿರಬೇಕು. ಮಣ್ಣಿನ ಉಷ್ಣತೆ 10 ಡಿಗ್ರಿಗಿಂತ ಕೆಳಗಿದ್ದರೂ 30 ದಾಟಿದರೂ ಇವು ಸೊರಗುತ್ತವೆ.

ಮಣ್ಣಿನ ಮೇಲೆ ಮರಳು ಹರಡುವ ಉಪಾಯ ಅರ್ಧ ಸರಿ. ಸಣ್ಣ ಮರಳು ನೀರು ಹಿಡಿದು ಗಟ್ಟಿಯಾಗಿ, ಕೆಳಗಿನ ಮಣ್ಣು ಒಣಗದಂತೆ ಮಾಡುತ್ತದೆ, ಫಲ ತಿರುಗುಮುರುಗು. 2–3 ಮಿ.ಮೀ. ದಪ್ಪದ ತೊಳೆದ ಜಲ್ಲಿಯನ್ನು ಒಂದೂವರೆ ಸೆಂ.ಮೀ. ಹರಡಿ, ಕೆಳಗಿನಿಂದ ನೀರು ಕೊಟ್ಟರೆ ಮಾತ್ರ ಅದು ಒಣ ಹೊದಿಕೆಯಾಗಿ ಉಳಿಯುತ್ತದೆ.

ಹೈಡ್ರೋಜನ್ ಪೆರಾಕ್ಸೈಡ್: 3 ಪ್ರತಿಶತದ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಹಾಕಿದರೆ ತಗುಲಿದ ಮರಿಗಳು ಸಾಯುತ್ತವೆ. ಆದರೆ ನೊರೆ ಇಳಿದ ಮೇಲೆ ಉಳಿಯುವುದು ಬರೀ ನೀರು ಮತ್ತು ಆಮ್ಲಜನಕ, ಮರುದಿನ ಹುಟ್ಟುವ ಮರಿಗೆ ಅದರಿಂದ ಏನೂ ಆಗದು. ಜೊತೆಗೆ ಮಣ್ಣಿನ ಒಳ್ಳೆಯ ಜೀವಿಗಳೂ ಸಾಯುತ್ತವೆ. ಒಂದೆರಡು ಕುಂಡಕ್ಕೆ ತುರ್ತಿಗೆ ಆದೀತು, ರೂಢಿ ಮಾಡಿಕೊಳ್ಳಬೇಡಿ. ದಾಲ್ಚಿನ್ನಿ ಪುಡಿಯನ್ನು ನೆಚ್ಚಬೇಡಿ. ಕಾಫಿ ಗಸಿಯಂತೂ ಒದ್ದೆಯಾದ ಮೇಲೆ ತಾನೇ ಬೂಷ್ಟು ಹಿಡಿದು ಮರಿಗಳಿಗೆ ಊಟವಾಗುತ್ತದೆ.

ಮತ್ತೆ ಬರದಿರಲು ಮಣ್ಣಿನ ಮಿಶ್ರಣದಲ್ಲೇ ಎಚ್ಚರ ಬೇಕು. ಗೊಬ್ಬರ ಪೂರ್ತಿ ಕಳಿತಿರಬೇಕು: ಮುಷ್ಟಿಯಲ್ಲಿ ಹಿಡಿದರೆ ಮಣ್ಣಿನ ವಾಸನೆ, ಒಳಗೆ ಕೈ ಹಾಕಿದರೆ ಬಿಸಿಯಿಲ್ಲ, ಮೂಲ ವಸ್ತು ಗುರುತು ಸಿಗದಷ್ಟು ಪುಡಿ. ನಾರಿನ ಪುಡಿಯ ಇಟ್ಟಿಗೆಯನ್ನು ಕುದಿಯುವ ನೀರಿನಲ್ಲಿ ನೆನೆಸಿ, ಮುಚ್ಚಿಟ್ಟು, ಪೂರ್ತಿ ಆರಿದ ಮೇಲೆ ಬಳಸಿ. ಹೊಸದಾಗಿ ತಂದ ಗಿಡವನ್ನು ಒಂದು ಕಾರ್ಡಿನ ಜೊತೆ ಮೂರು ವಾರ ದೂರ ಇಡಿ. ಹಿಂಡು ಮೊದಲ ಸಲ ತೋಟಕ್ಕೆ ಕಾಲಿಡುವುದು ಬಹುಪಾಲು ಹೊಸ ಗಿಡದ ಕುಂಡದಲ್ಲೇ.

ಬಿಳಿ ನೊಣ: ಎಲೆಯ ಅಡಿಯಲ್ಲಿ ಯುದ್ಧ

ಒಂದು ಎಲೆ ಮಗುಚಿ ನೋಡಿ. ಎಳೆಯ ಎಲೆಗಳಲ್ಲಿ ಹಾರುವ ನೊಣ ಮತ್ತು ಮೊಟ್ಟೆ, ಅದಕ್ಕಿಂತ ಕೆಳಗಿನ ಬಲಿತ ಎಲೆಗಳಲ್ಲಿ ಹುರುಪೆಯಂತೆ ಅಂಟಿಕೊಂಡ ಮರಿಗಳು. ಮೊದಲ ಹಂತದ ಮರಿ ಸ್ವಲ್ಪ ತೆವಳಿ ಜಾಗ ಹಿಡಿದರೆ ಆಮೇಲೆ ಅಲ್ಲಿಂದ ಕದಲುವುದಿಲ್ಲ, ರೆಕ್ಕೆ ಬರುವವರೆಗೂ ಅಲ್ಲೇ ರಸ ಹೀರುತ್ತದೆ. ಸುರಿಸುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ನೊಣದವರೆಗೆ ಮೂರು ವಾರ ಸಾಕು. ಬೆಮಿಸಿಯಾ ಟಬಾಸಿ ಎಂಬ ಜಾತಿಯಂತೂ ಎಲೆ ಮುದುಡು ರೋಗದ ವೈರಸ್ಸುಗಳನ್ನು ಗಿಡದಿಂದ ಗಿಡಕ್ಕೆ ಹೊರುತ್ತದೆ. ಎಲೆ ಮೇಲ್ಮುಖವಾಗಿ ಮುದುಡಿ, ಹಳದಿಯಾಗಿ, ಗಿಡ ಗಿಡ್ಡಾಗಿ ನಿಂತಿದ್ದರೆ ಅದನ್ನು ಉಳಿಸಲು ಯಾವ ಔಷಧಿಯೂ ಇಲ್ಲ. ನೊಣ ಚದುರದಂತೆ ದೊಡ್ಡ ಚೀಲ ಮುಚ್ಚಿ, ಚೀಲದ ಸಮೇತ ಕಿತ್ತು ತೆಗೆಯಿರಿ. ಮನಸ್ಸು ಒಪ್ಪುವುದಿಲ್ಲ, ಆದರೆ ಅಂಥ ಒಂದು ಗಿಡವನ್ನು ಉಳಿಸಿಕೊಳ್ಳಲು ಹೋಗಿ ಇಡೀ ಸಾಲನ್ನು ಕಳೆದುಕೊಳ್ಳುವುದು ಅದಕ್ಕಿಂತ ನೋವಿನದು.

ರೋಗವಿಲ್ಲದ ಗಿಡಗಳಿಗೆ ಕೆಲಸದ ಕ್ರಮ ಹೀಗೆ. ಮರಿಗಳು ತುಂಬಿದ ಕೆಳಗಿನ ಹಳೆಯ ಎಲೆಗಳನ್ನು ಬೆಳಗಿನ ತಂಪಿನಲ್ಲಿ, ನೊಣ ಚುರುಕಾಗುವ ಮೊದಲು, ಕಿತ್ತು ಚೀಲಕ್ಕೆ ಹಾಕಿ. ಒಂದೇ ಸಲಕ್ಕೆ ಗಿಡದ ಕಾಲುಭಾಗಕ್ಕಿಂತ ಹೆಚ್ಚು ಎಲೆ ತೆಗೆಯಬೇಡಿ. ಆಮೇಲೆ ಎಲೆಗಳ ಅಡಿಗೆ ರಭಸದ ನೀರು ಹೊಡೆಯಿರಿ. ಎರಡು ದಿನಕ್ಕೊಮ್ಮೆ ಮಾಡಿದರೆ ನೀರೊಂದೇ ಸಾಕಷ್ಟು ಕಡಿಮೆ ಮಾಡುತ್ತದೆ. ಆಮೇಲೂ ಉಳಿದರೆ ಸೋಪಿನ ದ್ರಾವಣ.

ಒಂದು ಲೀಟರ್ ನೀರಿಗೆ 10 ಮಿ.ಲೀ. ಪೊಟ್ಯಾಸಿಯಂ ಸೋಪು, ಅಂದರೆ ಗಿಡಕ್ಕೆಂದೇ ಮಾಡಿದ ಮೆತ್ತನೆಯ ದ್ರವ ಸೋಪು. ಬಟ್ಟೆ ತೊಳೆಯುವ ಡಿಟರ್ಜೆಂಟ್ ಬೇಡ, ಎಲೆಯ ಮೇಣದ ಪದರವನ್ನೇ ತೊಳೆದು ಸುಡುತ್ತದೆ. ಗಡಸು ನೀರಿನಲ್ಲಿ ಸೋಪು ಒಡೆದು ಕೆನೆಗಟ್ಟಿದರೆ ಮಳೆ ನೀರು ಬಳಸಿ. ಬೇವಿನ ಎಣ್ಣೆ ಬಳಸುವುದಾದರೆ ಲೀಟರಿಗೆ 5 ಮಿ.ಲೀ. ಎಣ್ಣೆ, ಅದನ್ನು ನೀರಿನೊಂದಿಗೆ ಬೆರೆಸಲು 1–2 ಮಿ.ಲೀ. ಸೋಪು. ಮೊದಲು ಸೋಪು ಮತ್ತು ಎಣ್ಣೆಯನ್ನು ಸ್ವಲ್ಪ ಬೆಚ್ಚನೆಯ ನೀರಿನಲ್ಲಿ ಹಾಲಿನಂತಾಗುವವರೆಗೆ ಕಲಕಿ, ಆಮೇಲೆ ಉಳಿದ ನೀರು ಸೇರಿಸಿ. ಹೊಡೆಯುವಾಗಲೂ ನಡುನಡುವೆ ಅಲುಗಿಸುತ್ತಿರಿ, ಇಲ್ಲದಿದ್ದರೆ ಎಣ್ಣೆ ಮೇಲೆ ತೇಲಿ ಕೊನೆಯಲ್ಲಿ ಬರುವುದು ಬರೀ ಎಣ್ಣೆ. ಕಲಸಿದ್ದನ್ನು ಅದೇ ದಿನ ಮುಗಿಸಿ.

ಮೊದಲು ಒಂದೆರಡು ಎಲೆಗೆ ಹೊಡೆದು ಎರಡು ದಿನ ಕಾದು ನೋಡಿ. ಸುಡದಿದ್ದರೆ ಇಡೀ ಗಿಡಕ್ಕೆ. ಸಂಜೆ, ಬಿಸಿಲಿಳಿದ ಮೇಲೆ. 32 ಡಿಗ್ರಿಗಿಂತ ಹೆಚ್ಚು ಸೆಕೆಯಿದ್ದರೆ, ಗಿಡ ಬಾಡಿದ್ದರೆ ಬೇಡವೇ ಬೇಡ. ಸಿಂಪಡಿಕೆಯ ಮೂತಿಯನ್ನು ಮೇಲ್ಮುಖ ಮಾಡಿ ಎಲೆಯ ಅಡಿಯಿಂದ ನೀರು ತೊಟ್ಟಿಕ್ಕುವವರೆಗೆ ಹೊಡೆಯಬೇಕು. ಸೋಪು ಕೀಟಕ್ಕೆ ತಗುಲಿದರೆ ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಅದಕ್ಕೆ ಶಕ್ತಿಯಿಲ್ಲ. ಮೇಲಿನಿಂದ ಹೊಡೆದವರಿಗೆ ಫಲ ಸಿಗದಿರಲು ಬೇರೆ ಕಾರಣ ಬೇಕಿಲ್ಲ. ಮೊಟ್ಟೆಗಳು ಉಳಿದೇ ಉಳಿಯುವುದರಿಂದ 5–7 ದಿನದ ಅಂತರದಲ್ಲಿ ನಾಲ್ಕು ಸಲ.

ಎರಡು ಮಾತು ಇಲ್ಲಿ ಸೇರಬೇಕು. ಸಾರಜನಕ ಹೆಚ್ಚಾಗಿ ಮೆತ್ತಗೆ ಹಸಿರುಕ್ಕುವ ಗಿಡಕ್ಕೆ ಬಿಳಿ ನೊಣ ಮುಗಿಬೀಳುತ್ತದೆ, ಆದ್ದರಿಂದ ಹಾವಳಿ ಇಳಿಯುವವರೆಗೆ ಯೂರಿಯಾದಂಥ ಗೊಬ್ಬರ ನಿಲ್ಲಿಸಿ. ಇರುವೆಗಳು ಸಿಹಿ ಅಂಟಿಗಾಗಿ ಈ ಮರಿಗಳ ಸುತ್ತ ಸುಳಿದು, ಅವನ್ನು ತಿನ್ನಲು ಬರುವ ಮಿತ್ರಕೀಟಗಳನ್ನು ಓಡಿಸುತ್ತವೆ. ಕಾಂಡಕ್ಕೆ ಅಂಟು ಪಟ್ಟಿ ಸುತ್ತಿ ಇರುವೆಯ ದಾರಿ ಮುಚ್ಚಿ.

ಕಟು ಕೀಟನಾಶಕಕ್ಕೆ ಕೈ ಹಾಕುವ ಮೊದಲು ಮಸೂರ ಹಿಡಿದು ಮರಿಗಳನ್ನು ಇನ್ನೊಮ್ಮೆ ನೋಡಿ. ಕೆಲವು ಕಪ್ಪಾಗಿಯೋ ಕಂದಾಗಿಯೋ ಕಂಡರೆ ಅವುಗಳೊಳಗೆ ಎನ್ಕಾರ್ಸಿಯಾ ಜಾತಿಯ ಪುಟ್ಟ ಪರಾವಲಂಬಿ ಕಣಜ ಬೆಳೆಯುತ್ತಿರಬಹುದು. ಖಾಲಿ ಸಿಪ್ಪೆಯೂ ಕಥೆ ಹೇಳುತ್ತದೆ: ದುಂಡನೆಯ ತೂತಿದ್ದರೆ ಹೊರಬಂದದ್ದು ಕಣಜ, ಸೀಳು ಬಿಟ್ಟಿದ್ದರೆ ಬಿಳಿ ನೊಣ. ದುಂಡು ತೂತುಗಳು ಹೆಚ್ಚುತ್ತಿದ್ದರೆ ಔಷಧಿ ನಿಲ್ಲಿಸಿ ನೀರು ಹೊಡೆಯುವುದಷ್ಟನ್ನೇ ಮುಂದುವರಿಸಿ. ಪೈರೆಥ್ರಾಯ್ಡ್ ಎಂಬ ಬಗೆಯ ಕೀಟನಾಶಕಗಳು ಮೊದಲು ಕೊಲ್ಲುವುದು ಈ ಕಣಜವನ್ನು. ಬಿಳಿ ನೊಣಕ್ಕಂತೂ ಅನೇಕ ಔಷಧಿಗಳು ರೂಢಿಯಾಗಿಬಿಟ್ಟಿವೆ.

ಹುಳಿ ನೊಣ: ಕಾಂಪೋಸ್ಟ್ ಮತ್ತು ಬಿದ್ದ ಹಣ್ಣು

25 ಡಿಗ್ರಿಯಲ್ಲಿ ಇದರ ಮೊಟ್ಟೆ ಹತ್ತು ದಿನದಲ್ಲಿ ನೊಣವಾಗುತ್ತದೆ. ಬಿದ್ದ ಹಣ್ಣನ್ನು ವಾರಕ್ಕೊಮ್ಮೆ ಆರಿಸಿದರೆ ಸಾಲದು, ದಿನವೂ ಆರಿಸಬೇಕು. ಆರಿಸಿದ್ದನ್ನು ಬಿಗಿದ ಚೀಲದಲ್ಲಿ ಒಂದು ವಾರ ಬಿಸಿಲಿಗಿಟ್ಟು ಆಮೇಲೆ ಗೊಬ್ಬರಕ್ಕೆ ಸೇರಿಸಿ.

ಕಾಂಪೋಸ್ಟ್‌ನಲ್ಲಿ ನೊಣ ತುಂಬಿದೆಯೆಂದರೆ ಹಸಿ ಹೆಚ್ಚಾಗಿದೆ, ಒಣದ್ದು ಕಡಿಮೆಯಾಗಿದೆ. ಒಂದು ಪಾಲು ಹಸಿ ತ್ಯಾಜ್ಯಕ್ಕೆ ಎರಡು ಮೂರು ಪಾಲು ಒಣ ಎಲೆ, ಮರದ ಹೊಟ್ಟು ಅಥವಾ ಹರಿದ ರಟ್ಟು ಇರಲಿ. ಹೊಸ ಹಸಿ ತ್ಯಾಜ್ಯವನ್ನು ಮೇಲೆ ಸುರಿಯದೆ, ರಾಶಿಯಲ್ಲಿ 15–20 ಸೆಂ.ಮೀ. ಗುಂಡಿ ಮಾಡಿ ಹೂತು, ಮೇಲೆ 5–8 ಸೆಂ.ಮೀ. ಒಣ ಎಲೆ ಮುಚ್ಚಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ರಾಶಿ ದೊಡ್ಡದಿದ್ದರೆ ಅಂಚಿನದನ್ನು ನಡುವಿಗೆ ಮಗುಚಿ. ನಡುವಿನ ಕಾವು 55 ಡಿಗ್ರಿ ತಲುಪಿದರೆ ಮೊಟ್ಟೆ, ಮರಿ ಯಾವುದೂ ಉಳಿಯುವುದಿಲ್ಲ. ಎರೆಹುಳು ಡಬ್ಬಕ್ಕೆ ಈ ಕಾವು ಸಲ್ಲದು. ಅಲ್ಲಿ ಹಣ್ಣಿನ ಸಿಪ್ಪೆಯನ್ನು ಒಂದು ದಿನ ಫ್ರೀಜರ್‌ನಲ್ಲಿಟ್ಟು ಮೊಟ್ಟೆಗಳನ್ನು ಕೊಂದು, ಕರಗಿಸಿ ಹಾಕಿ.

ಉಳಿದ ನೊಣಗಳಿಗೆ ವಿನೆಗರ್ ಬಲೆ: ಲೋಟಕ್ಕೆ 100 ಮಿ.ಲೀ. ಸೇಬಿನ ವಿನೆಗರ್, ಒಂದು ಚಮಚ ಸಕ್ಕರೆ, ಎರಡು ಮೂರು ಹನಿ ಪಾತ್ರೆ ತೊಳೆಯುವ ದ್ರವ. ಹನಿ ಸೋಪು ನೀರಿನ ಮೇಲ್ಮೈ ಬಿಗಿತ ಒಡೆಯುವುದರಿಂದ ಕುಳಿತ ನೊಣ ಮುಳುಗುತ್ತದೆ. ಸೋಪು ಬಿಟ್ಟರೆ ಕುಡಿದು ಹಾರಿಹೋಗುತ್ತದೆ. ಬಾಯಿಗೆ ತೆಳು ಪ್ಲಾಸ್ಟಿಕ್ ಬಿಗಿದು 2–3 ಮಿ.ಮೀ. ತೂತು ನಾಲ್ಕೈದು ಮಾಡಿ. ಬಲೆಯನ್ನು ಡಬ್ಬದ ಪಕ್ಕದಲ್ಲೇ ಇಡಿ, ಕೂರುವ ಜಾಗದಲ್ಲಿಟ್ಟರೆ ನೊಣವನ್ನು ನೀವೇ ಕರೆತಂದಂತೆ. ಮಣ್ಣಿನ ಗುಂಗುರಿಗೆ ಈ ಬಲೆಯನ್ನು ನೆಚ್ಚಬೇಡಿ.

ಸಂಜೆಯ ಹಿಂಡು ಮತ್ತು ಕಚ್ಚುವ ಕಿರುನೊಣ

ಸಂಜೆ ಪೊದೆಯ ತುದಿ, ಕಂಬ, ಕೆಲವೊಮ್ಮೆ ನಿಂತ ಮನುಷ್ಯನ ತಲೆಯ ಮೇಲೆ ಸುತ್ತುವ ಹಿಂಡು ಗಂಡು ಮಿಡ್ಜ್‌ಗಳದ್ದು, ಹೆಣ್ಣುಗಳನ್ನು ಕರೆಯುವ ಕುಣಿತ. ಕಚ್ಚುವುದಿಲ್ಲ, ಗಿಡ ತಿನ್ನುವುದಿಲ್ಲ, ಕೆಲವೇ ದಿನ ಬದುಕುತ್ತವೆ. ಕೊಳದ ತಳದಲ್ಲಿ ಇವುಗಳ ಕೆಂಪು ಮರಿಗಳು ಮೀನುಗಳಿಗೆ ಒಳ್ಳೆಯ ಆಹಾರ. ಇವನ್ನು ಕೊಲ್ಲಬೇಕಾಗಿಲ್ಲ. ತೀರಾ ಕಾಟವಾದರೆ ತೊಟ್ಟಿಯ ತಳದ ಕೆಸರು ತೆಗೆದು, ಹೊರಗಿನ ಬಿಳಿ ದೀಪಕ್ಕೆ ಬದಲು ಹಳದಿ ಛಾಯೆಯ ಎಲ್‌ಇಡಿ ಹಾಕಿ, ಬೇಡದ ಹೊತ್ತಿನಲ್ಲಿ ಆರಿಸಿ.

ಕಾಣದಷ್ಟು ಸಣ್ಣದಾಗಿದ್ದು ಚುರ್ರೆನ್ನುವಂತೆ ಕಚ್ಚಿದರೆ ಅದು ಬೇರೆ ಬಳಗದ, 1–3 ಮಿ.ಮೀ. ಉದ್ದದ ಕಚ್ಚುವ ಮಿಡ್ಜ್. ಸಾಮಾನ್ಯ ಸೊಳ್ಳೆ ಪರದೆಯ ಕಣ್ಣಿನಲ್ಲಿ ನುಸುಳುತ್ತದೆ. ಹಾರಾಟ ಬಲು ದುರ್ಬಲ, ಹಾಗಾಗಿ ಕೂರುವ ಜಾಗಕ್ಕೆ ಒಂದು ಫ್ಯಾನ್ ತಿರುಗಿಸಿದರೆ ಹತ್ತಿರ ಬರಲಾರದು. ಒದ್ದೆ ಎಲೆರಾಶಿ, ಕೆಸರು ಅಂಚುಗಳನ್ನು ಒಣಗಿಸಿ. ಇದೇ ಬಳಗದ ಫೋರ್ಸಿಪೊಮಿಯಾ ಎಂಬ ಕಿರುನೊಣಗಳು ಕೋಕೋ ಹೂವಿನ ಮುಖ್ಯ ಪರಾಗವಾಹಕಗಳು. ಕಂಡ ಕಂಡಲ್ಲಿ ಹೊಗೆ ಹಾಕಬಾರದು ಎನ್ನುವುದು ಅದಕ್ಕೇ.

ಚರಂಡಿ ನೊಣವಾದರೆ ಕೊಳವೆಯ ಒಳಗೋಡೆಯ ಲೋಳೆಯನ್ನು ಉದ್ದ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ. ಮರಿ ಇರುವುದು ಆ ಲೋಳೆಯಲ್ಲಿ. ಬ್ಲೀಚ್ ಅದರ ಮೇಲೆ ಜಾರಿ ಹೋಗುತ್ತದೆ.

ಕೊಲ್ಲಬಾರದವು

ಎಲೆಯ ಮೇಲೆ ಹಸಿರು ಲೋಹದಂತೆ ಹೊಳೆಯುತ್ತ ಚಕ್ಕನೆ ಜಿಗಿಯುವ ಉದ್ದಕಾಲಿನ ನೊಣ, ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ಹಳದಿ ಪಟ್ಟೆಯ ಹೂನೊಣ, ಎಲೆಯ ಮೇಲೆ ಕಾದು ಕುಳಿತು ಹಾರುವ ಗುಂಗುರನ್ನು ಗಾಳಿಯಲ್ಲೇ ಹಿಡಿಯುವ ಬೂದು ಬಣ್ಣದ ಬೇಟೆ ನೊಣ ಕೋನೋಸಿಯಾ. ಮೂರೂ ನಿಮ್ಮ ಪಾಳಯದವು. ಕೋನೋಸಿಯಾದ ಮರಿ ಮಣ್ಣಿನಲ್ಲಿ ಗುಂಗುರಿನ ಮರಿಯನ್ನೂ ತಿನ್ನುತ್ತದೆ. ಹಳದಿ ಕಾರ್ಡಿಗೆ ಇವೂ ಅಂಟಿಕೊಳ್ಳುತ್ತವೆ. ಅದಕ್ಕಾಗಿ ಎಣಿಕೆ ಇಳಿದ ಮೇಲೆ ಕಾರ್ಡುಗಳನ್ನು ತೆಗೆದು, ತೋಟಕ್ಕೆ ಒಂದನ್ನು ಮಾತ್ರ ಕಾವಲಿಗೆ ಬಿಡಿ.

ನಾಲ್ಕು ವಾರವಾದರೂ ಇಳಿಯದಿದ್ದರೆ

ಉಪಾಯ ಬದಲಿಸುವ ಮೊದಲು ಹುಟ್ಟುವ ಜಾಗವನ್ನು ಮತ್ತೆ ಹುಡುಕಿ. ಸಾಮಾನ್ಯವಾಗಿ ತಪ್ಪಿಸಿಕೊಳ್ಳುವ ಕಡೆಗಳು ಇವು: ಗಿಡ ಸತ್ತ ಮೇಲೆ ಮೂಲೆಗೆ ಸರಿಸಿದ ಒದ್ದೆ ಕುಂಡ, ಬಾಯಿ ತೆರೆದಿಟ್ಟ ಗೊಬ್ಬರದ ಚೀಲ, ತೊಟ್ಟಿಕ್ಕುವ ನಲ್ಲಿಯ ಕೆಳಗಿನ ಹಸಿ ನೆಲ, ಹನಿ ನೀರಾವರಿ ಕೊಳವೆ ಸೋರುವ ಜಾಗ, ತೂಗುಕುಂಡದೊಳಗಿನ ಪಾಚಿ, ಗೋಡೆಯ ಆಚೆಯ ಬಿಳಿ ನೊಣ ತುಂಬಿದ ಕಳೆಗಿಡ. ಒಂದೊಂದರ ಪಕ್ಕ ಹಳದಿ ಕಾರ್ಡ್ ಇಟ್ಟು ಮೂರು ದಿನ ಬಿಡಿ. ಅತಿ ಹೆಚ್ಚು ನೊಣ ಅಂಟಿದ ಕಾರ್ಡಿನ ಸುತ್ತ ಒಂದು ಮೀಟರ್‌ನೊಳಗೆ ಹುಡುಕಲು ಶುರುಮಾಡಿ.